ಒಂದು ಜೋಳದ ಕಾಳಿನ ತೂಕ

ಧಾರವಾಡದ ಕೆಲಗೇರಿ ಕೆರೆಯ ಏರಿ ಮೇಲೆ ಓಡಾಡುವವರಿಗೆ ಗಾಳಿಗೂ ಬಿಸಿಲಿಗೂ ಬರವಿಲ್ಲ. ಕೊರೊನಾ ವೈರಸ್ಸಿಗೆ ಇವೆರಡೂ ಆಗಿಬರುವುದಿಲ್ಲ. ಜೊಲ್ಲಿನಂಥ ದ್ರವದಲ್ಲಿ ಬೆರೆಸಿ ಉಕ್ಕಿನ ತಗಡಿನ ಮೇಲೆ ಒಣಗಿಸಿದ ವೈರಸ್ಸಿನ ಮೇಲೆ ವಿಜ್ಞಾನಿಗಳು ಬೇಸಿಗೆ ಬಿಸಿಲಿನಷ್ಟು ಬೆಳಕು ಬಿಟ್ಟು ನೋಡಿದರು. ಏಳೇ ನಿಮಿಷದಲ್ಲಿ ನೂರಕ್ಕೆ ತೊಂಬತ್ತರಷ್ಟು ವೈರಸ್ ಕೆಲಸಕ್ಕೆ ಬಾರದಾಯಿತು. ಅದೇ ಉಕ್ಕಿನ ಮೇಲೆ, ಬಿಸಿಲು ಸೋಕದ ಕೋಣೆಯೊಳಗೆ, ಮೂರು ದಿನದವರೆಗೂ ಜೀವ ಹಿಡಿದ ವೈರಸ್ ಸಿಕ್ಕಿದ್ದುಂಟು. ತಾಮ್ರದ ಮೇಲೆ ನಾಲ್ಕೇ ತಾಸು. 70 ಡಿಗ್ರಿ ಬಿಸಿಗೆ ಐದು ನಿಮಿಷವೂ ತಾಳದು, ಫ್ರಿಜ್ಜಿನ 4 ಡಿಗ್ರಿ ಥಂಡಿಯಲ್ಲಿ ಮಾತ್ರ ಹದಿನಾಲ್ಕು ದಿನ ಕಳೆದರೂ ಪೂರ್ತಿ ಅಳಿಯದು.

ಇಷ್ಟು ನಾಜೂಕಾದದ್ದು ಊರೂರನ್ನೇ ಮಲಗಿಸಿದ್ದು ಹೇಗೆ?

2021ರ ನವೆಂಬರಿನಲ್ಲಿ ಧಾರವಾಡದ ಪಕ್ಕದ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭ ನಡೆಯಿತು. 25ನೇ ತಾರೀಖಿಗೆ 66 ಮಂದಿಗೆ ಸೋಂಕು. ಮರುದಿನ ಲೆಕ್ಕ 182, ಅದರ ಮರುದಿನ 281. ಬಹುತೇಕರು ಎರಡೂ ಡೋಸ್ ಲಸಿಕೆ ಹಾಕಿಸಿಕೊಂಡವರೇ. ಲಸಿಕೆ ತನ್ನ ಕೆಲಸ ಮಾಡಿತ್ತು ಎಂದೇ ನಾನು ಹೇಳುತ್ತೇನೆ, ಹೆಚ್ಚಿನವರಿಗೆ ರೋಗಲಕ್ಷಣವೇ ಇರಲಿಲ್ಲ. ಆದರೆ ಹರಡುವುದು ನಿಲ್ಲಲಿಲ್ಲ.

ಆ 281 ಮಂದಿಯ ಮೈಯೊಳಗಿನ ವೈರಸ್ಸನ್ನೆಲ್ಲ ಒಟ್ಟುಗೂಡಿಸಿ ತೂಗಿದ್ದರೆ? ಸೋಂಕು ಉತ್ತುಂಗದಲ್ಲಿದ್ದಾಗ ಒಬ್ಬರಲ್ಲಿ 100 ಕೋಟಿಯಿಂದ 10,000 ಕೋಟಿ ವೈರಸ್ ಇರುತ್ತವೆಂಬುದು ವಿಜ್ಞಾನಿಗಳ ಅಂದಾಜು. ಒಂದರ ಅಡ್ಡಳತೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಹಾಗಾಗಿ 10,000 ಕೋಟಿ ಸೇರಿದರೂ ತೂಕ ಮಿಲಿಗ್ರಾಮಿನ ಹತ್ತರಲ್ಲೊಂದಂಶ. 281 ಮಂದಿಯಲ್ಲೂ ಅಷ್ಟಷ್ಟೇ ತುಂಬಿತ್ತೆಂದು ಹಿಡಿದರೂ ಒಟ್ಟು 28 ಮಿಲಿಗ್ರಾಂ. ನಮ್ಮ ಕಡೆಯ ಬಿಳಿಜೋಳದ ಒಂದೇ ಒಂದು ಕಾಳು ಅದಕ್ಕಿಂತ ತುಸು ಹೆಚ್ಚೇ ತೂಗೀತು.

ಸೋಂಕು ಹತ್ತಲು ಅಷ್ಟೂ ಬೇಡ. ಬ್ರಿಟನ್ನಿನಲ್ಲಿ ಒಪ್ಪಿ ಮುಂದೆ ಬಂದ 36 ಯುವಜನರ ಮೂಗಿಗೆ ಅತಿ ಕಡಿಮೆ ಪ್ರಮಾಣದ ವೈರಸ್ ಬಿಟ್ಟರು. ಸೋಂಕು ಜೋರಾಗಿದ್ದವರ ಮೂಗಿನ ಒಂದೇ ಒಂದು ಸಿಡಿಹನಿಯಲ್ಲಿ, ಅದೂ ಮಿಲಿಮೀಟರಿನ ನೂರರಲ್ಲೊಂದು ಗಾತ್ರದ್ದರಲ್ಲಿ, ಅಷ್ಟು ವೈರಸ್ ಇರಬಲ್ಲದು. 18 ಮಂದಿಗೆ ತಗುಲಿತು. ಎರಡು ದಿನ ತುಂಬುವುದರೊಳಗೆ ಗಂಟಲಲ್ಲಿ ಪತ್ತೆ.

ಮಾತಾಡಿದಾಗ ಹಾರುವ ದಪ್ಪ ಹನಿಗಳು ಕೆಲವೇ ಸೆಕೆಂಡಿನಲ್ಲಿ ನೆಲ ಸೇರುತ್ತವೆ, ಚಿಂತೆಯಿಲ್ಲ. ಸಾವಿರದಲ್ಲೊಂದು ಮಿಲಿಮೀಟರಿನ ಕಣಕ್ಕೆ, ನಿಂತ ಗಾಳಿಯಲ್ಲಿ, ಆಳೆತ್ತರದಿಂದ ಇಳಿಯಲು ಹನ್ನೆರಡು ತಾಸು ಹಿಡಿಯುತ್ತದೆ. ತೇಲುತ್ತಿರುವ ಅದರಲ್ಲಿನ ವೈರಸ್ಸಿನ ಬಲ ಅರ್ಧಕ್ಕಿಳಿಯಲು ಬೇಕಾದದ್ದು ಒಂದು ತಾಸಿನ ಮೇಲೆ ಸ್ವಲ್ಪ. ಕೆಲಗೇರಿಯ ಏರಿಯಲ್ಲಿ ಅದನ್ನು ಗಾಳಿ ಕ್ಷಣದಲ್ಲಿ ಚದುರಿಸುತ್ತದೆ. ಕಿಟಕಿ ಮುಚ್ಚಿದ ಹಾಸ್ಟೆಲ್ ಕೋಣೆಯಲ್ಲೋ ಮದುವೆ ಮಂಟಪದಲ್ಲೋ ಒಬ್ಬರ ಉಸಿರು ಇನ್ನೊಬ್ಬರ ಎದೆಗೆ ಹೋಗಲು ಆ ಒಂದು ತಾಸು ಧಾರಾಳವಾಯಿತು.

ಅದೇ ನವೆಂಬರಿಗೆ ಲೋಕದ ಅಧಿಕೃತ ಸಾವಿನ ಲೆಕ್ಕ 50 ಲಕ್ಷ ದಾಟಿತ್ತು, ಕರ್ನಾಟಕದ್ದೇ 38 ಸಾವಿರ. ಭೂಮಿಯ ಮೇಲಿನ ಸೋಂಕಿತರೆಲ್ಲರ ಮೈಯಲ್ಲಿ ಯಾವುದೇ ಒಂದು ಹೊತ್ತಿಗೆ ಇದ್ದ ವೈರಸ್ಸಿನ ಒಟ್ಟು ತೂಕ, ಅಂದಾಜಿನ ಗರಿಷ್ಠ ಮಿತಿ ಹಿಡಿದರೂ, ಹತ್ತು ಕಿಲೋ.