ಸುಟ್ಟ ಮೇಲೆ ಕಲ್ಲಾಗುವ ಬಣ್ಣ

ಬಸರಾಳಿನ ಓದುಗರೊಬ್ಬರ ಪ್ರಶ್ನೆ ಹೀಗಿದೆ. ಅಪ್ಪನ ಕಾಲದ ಮ್ಯಾಸ್ಸಿ ಟ್ರ್ಯಾಕ್ಟರನ್ನು ಪೂರ್ತಿ ಬಿಚ್ಚಿಸಿ, ಬಾನೆಟ್ಟಿನಿಂದ ಸೈಲೆನ್ಸರಿನವರೆಗೆ ಒಂದೇ ಕಡೆ ಪೌಡರ್ ಕೋಟಿಂಗ್ ಮಾಡಿಸಿದರಂತೆ. ಬಾನೆಟ್ಟು, ಮಡ್‌ಗಾರ್ಡು ಇವತ್ತಿಗೂ ಫಳಫಳ. ಸೈಲೆನ್ಸರು ಮತ್ತು ಅದರ ಬುಡದ ಮ್ಯಾನಿಫೋಲ್ಡು ಮಾತ್ರ ಕಬ್ಬಿನ ಲೋಡು ಎಳೆದ ಮೊದಲ ವಾರದಲ್ಲೇ ಕಂದಿ, ಗುಳ್ಳೆ ಎದ್ದು, ಚಕ್ಕೆಚಕ್ಕೆಯಾಗಿ ಉದುರಿಹೋದವು. 'ಯಾರ್ದೋ ಕಣ್ ಬಿದ್ದದೆ ಕಣ್ಲಾ, ಆಯುಧಪೂಜೇಲಿ ಬೂದುಗುಂಬಳ ನೆಟ್ಟಗೆ ಒಡೀಲಿಲ್ಲ ನೀನು' ಎಂಬುದು ಅಪ್ಪನ ತೀರ್ಪು. ನಿಮ್ಮ ತೀರ್ಪೇನು ಎಂದು ಮಗ ಕೇಳಿದ್ದಾರೆ.

ಕಣ್ಣು ಬೀಳುವುದಾದರೆ ಎಲ್ಲರಿಗೂ ಎದ್ದು ಕಾಣುವ ಕೆಂಪು ಬಾನೆಟ್ಟಿನ ಮೇಲೆ ಬೀಳಬೇಕಿತ್ತು. ಎಂಜಿನ್ನಿನ ಮಗ್ಗುಲಲ್ಲಿ ಅಡಗಿ ಕೂತ ಮ್ಯಾನಿಫೋಲ್ಡನ್ನು ಹುಡುಕಿಕೊಂಡು ಹೋಗುವ ದೃಷ್ಟಿ ಎಂಥದ್ದು? ಈ ದೃಷ್ಟಿಗೆ ಥರ್ಮಾಮೀಟರು ಓದಲು ಬರುತ್ತದೆ ಎಂದೇ ಹೇಳಬೇಕು. ಏಕೆಂದರೆ ಅದು ಆರಿಸಿಕೊಂಡದ್ದು ಇಡೀ ಟ್ರ್ಯಾಕ್ಟರಿನಲ್ಲಿ ಅತಿ ಬಿಸಿಯಾದ ಎರಡು ಭಾಗಗಳನ್ನು. ಎಂಜಿನ್ ಬ್ಲಾಕಿನೊಳಗೆ ನೀರು ಓಡಾಡುವುದರಿಂದ ಅದರ ಹೊರಮೈ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಮ್ಯಾನಿಫೋಲ್ಡಿಗೆ ಆ ಭಾಗ್ಯವಿಲ್ಲ. ತುಂಬಿದ ಟ್ರೇಲರು ಏರು ಹತ್ತುವಾಗ ಅದರೊಳಗೆ ನುಗ್ಗುವ ಹೊಗೆಯ ಬಿಸಿ 500 ಡಿಗ್ರಿ ದಾಟಬಲ್ಲದು. ಕಿಟಕಿ ಗ್ರಿಲ್ಲು, ಗೇಟುಗಳಿಗೆ ಹಾಕುವ ಪಾಲಿಯೆಸ್ಟರ್ ಪುಡಿಯನ್ನು ಓವನ್ನಿನಲ್ಲಿ ಬೇಯಿಸುವುದೇ 180ರಿಂದ 200 ಡಿಗ್ರಿಯಲ್ಲಿ. ಅಲ್ಲಿಂದ ಬಹಳ ಮೇಲೆ ಹೋದರೆ ಅದರ ಇಂಗಾಲದ ಸರಪಳಿ ಕಡಿದು ಬೀಳುತ್ತದೆ. ಬಾನೆಟ್ಟಿಗೆ ಸರಿಹೋದ ಪುಡಿಯನ್ನೇ ಮ್ಯಾನಿಫೋಲ್ಡಿಗೂ ಹೊಡೆದಿದ್ದಾರೆ, ಅಷ್ಟೇ ನಡೆದಿರುವುದು.

ಪೌಡರ್ ಕೋಟಿಂಗ್ ಹೇಗೆ ಮಾಡುತ್ತಾರೆಂದು ಬಹಳ ಜನ ನೋಡಿಯೇ ಇರುತ್ತೀರಿ: ಗನ್ನಿನಿಂದ ಹೊರಬರುವ ಪುಡಿಗೆ ವಿದ್ಯುದಾವೇಶ ಕೊಡುತ್ತಾರೆ, ಅರ್ಥ್ ಮಾಡಿದ ಲೋಹಕ್ಕೆ ಅದು ಹೋಗಿ ಅಂಟಿಕೊಳ್ಳುತ್ತದೆ, ಓವನ್ನಿನಲ್ಲಿ ಕರಗಿ ಹರಡಿ ಗಟ್ಟಿಯಾಗುತ್ತದೆ. ಇದರ ಮೂಲ ಜರ್ಮನಿಯ ಎರ್ವಿನ್ ಗೆಮ್ಮರ್ 1950ರ ದಶಕದಲ್ಲಿ ರೂಪಿಸಿದ ವಿಧಾನ. ಅವರು ಗಾಳಿಯೂದಿ ತೇಲಿಸಿದ ಪುಡಿಯೊಳಗೆ ಬಿಸಿ ಲೋಹವನ್ನು ಅದ್ದುತ್ತಿದ್ದರು. ಗನ್ನು ಬಂದದ್ದು ಆಮೇಲೆ.

ನನಗೆ ಖುಷಿ ಕೊಡುವುದು ಗನ್ನಲ್ಲ, ಶಾಖ ತಡೆಯುವ ಪುಡಿಯ ಒಳಗುಟ್ಟು. 'ಹೀಟ್ ರೆಸಿಸ್ಟೆಂಟ್' ಎಂದೊಡನೆ ಸುಡದೇ ಇರುವ ಬಣ್ಣ ಎಂದು ಎಲ್ಲರೂ ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಸುಡುತ್ತದೆ, ಸುಡಲೆಂದೇ ಮಾಡಿದ್ದು. ಈ ಪುಡಿಯಲ್ಲಿ ಪಾಲಿಯೆಸ್ಟರಿನ ಬದಲು ಸಿಲಿಕೋನ್ ರಾಳವಿರುತ್ತದೆ. ಅದರ ಬೆನ್ನೆಲುಬು ಸಿಲಿಕಾನ್, ಆಮ್ಲಜನಕ, ಮತ್ತೆ ಸಿಲಿಕಾನ್, ಮತ್ತೆ ಆಮ್ಲಜನಕ ಎಂದು ಸಾಗುವ ಜಾಲ. ಆ ಬೆನ್ನೆಲುಬಿನ ಅಕ್ಕಪಕ್ಕ ಇಂಗಾಲದ ಸಣ್ಣ ಗುಂಪುಗಳು ಜೋತುಬಿದ್ದಿರುತ್ತವೆ. ಓವನ್ನಿನಲ್ಲಿ ಕರಗಿ ಹರಿಯುವ ಗುಣವನ್ನು ರಾಳಕ್ಕೆ ಕೊಡುವುದು ಈ ಇಂಗಾಲವೇ. ಎಂಜಿನ್ ಓಡಿ, ಬಿಸಿ 300 ಡಿಗ್ರಿಯ ಮೇಲೆ ಏರಿತೆನ್ನಿ. ಜೋತುಬಿದ್ದ ಇಂಗಾಲ ನಿಧಾನವಾಗಿ ಉರಿದು ಹೊಗೆಯಾಗಿ ಹೋಗುತ್ತದೆ. ಉಳಿಯುವುದು ಸಿಲಿಕಾ ಜಾಲ. ಅದಕ್ಕೆ ಉರಿಯುವ ಭಯವಿಲ್ಲ, ಏಕೆಂದರೆ ಸಿಲಿಕಾನ್ ಆಗಲೇ ಆಮ್ಲಜನಕದೊಂದಿಗೆ ಸೇರಿಯಾಗಿದೆ. ಇನ್ನು ಸುಡಲು ಬಾಕಿ ಏನಿದೆ?

ಮಂಡ್ಯದವರಿಗೆ ಇದನ್ನು ವಿವರಿಸಲು ಪ್ರಯೋಗಾಲಯ ಬೇಡ, ರೈಸ್‌ಮಿಲ್ಲಿನ ಹಿತ್ತಿಲು ಸಾಕು. ಭತ್ತದ ಹೊಟ್ಟನ್ನು ಸುಟ್ಟರೆ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಬೂದಿ ಉಳಿಯುತ್ತದೆ. ಸೌದೆಯ ಬೂದಿಯಂತೆ ಇದು ಮೆತ್ತಗೆ ಕುಸಿಯುವುದಿಲ್ಲ. ಹೊಟ್ಟಿನ ದೋಣಿಯಾಕಾರ ಹಾಗೇ ಇರುತ್ತದೆ. ಭತ್ತದ ಗಿಡ ಮಣ್ಣಿನಿಂದ ಹೀರಿ ಹೊಟ್ಟಿನಲ್ಲಿ ಕಟ್ಟಿಟ್ಟ ಸಿಲಿಕಾ ಅದು, ಬೂದಿಯಲ್ಲಿ ಅದರದ್ದೇ ಸಿಂಹಪಾಲು. ನಮ್ಮ ಅಜ್ಜಿಯರು ಪಾತ್ರೆ ಬೆಳಗಲು ಇದನ್ನೇ ಹುಡುಕುತ್ತಿದ್ದುದು ಸುಮ್ಮನೆ ಅಲ್ಲ. ಸಿಲಿಕೋನ್ ಬಣ್ಣ ಮ್ಯಾನಿಫೋಲ್ಡಿನ ಮೇಲೆ ಮಾಡುವ ಕೆಲಸವೂ ಇದೇ: ಉರಿಯುವುದು ಉರಿದು, ಆಕಾರ ಉಳಿಯುತ್ತದೆ. ಪುಡಿಗೆ ಬೆರೆಸಿದ ಅಭ್ರಕ, ಬಳಪದ ಪುಡಿಯ ಪದರಗಳನ್ನು ಆ ಜಾಲ ಹಿಡಿದಿಟ್ಟುಕೊಂಡು ಲೋಹವನ್ನು ಕಚ್ಚಿ ಕೂರುತ್ತದೆ. ಬಸರಾಳಿನಲ್ಲಿ 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯದ ಕಲ್ಲನ್ನು ಹಿಡಿದಿಟ್ಟಿರುವುದೂ ಸಿಲಿಕಾನ್ ಮತ್ತು ಆಮ್ಲಜನಕದ ಇದೇ ಕೊಂಡಿ. ಇಂತಹ ಬಣ್ಣ ಸಾಮಾನ್ಯವಾಗಿ 550 ಡಿಗ್ರಿಯವರೆಗೆ ತಾಳುತ್ತದೆ. ಮೊದಲ ಸಲ ಎಂಜಿನ್ ಬಿಸಿಯಾದಾಗ ತುಸು ಹೊಗೆ, ವಾಸನೆ ಬಂದರೆ ಗಾಬರಿಯಾಗಬೇಡಿ.

ತಮಾಷೆಯೆಂದರೆ ಈ ವಸ್ತುಗಳ ಪಿತಾಮಹನಿಗೇ ಇವುಗಳ ಮೇಲೆ ನಂಬಿಕೆಯಿರಲಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಫ್ರೆಡರಿಕ್ ಕಿಪ್ಪಿಂಗ್ ದಶಕಗಟ್ಟಲೆ ಸಿಲಿಕಾನ್ ಸಂಯುಕ್ತಗಳನ್ನು ಕುದಿಸಿ, ಬಟ್ಟಿಯಿಳಿಸಿ, ಕೊನೆಗೆ ಸಿಗುತ್ತಿದ್ದ ಅಂಟು ಅಂಟಾದ ರಾಡಿಯನ್ನು ಕಂಡು ಬೇಸತ್ತಿದ್ದರು. ಇದರಿಂದ ಸದ್ಯಕ್ಕೆ ದೊಡ್ಡ ಪ್ರಯೋಜನ ಕಾಣದು ಎಂಬ ಅರ್ಥದ ಮಾತನ್ನು 1930ರ ದಶಕದಲ್ಲಿ ಆಡಿಯೂಬಿಟ್ಟರು. 1943ರಲ್ಲಿ ಅಮೆರಿಕದಲ್ಲಿ ಡೌ ಕಾರ್ನಿಂಗ್ ಎಂಬ ಕಂಪನಿ ಹುಟ್ಟಿದ್ದೇ ಆ ರಾಡಿಯನ್ನು ಮಾರಲು. ಕಿಪ್ಪಿಂಗ್ ತೀರಿಕೊಂಡದ್ದು 1949ರಲ್ಲಿ.

ಸರಿಯಾದ ಪುಡಿ ತಂದರೆ ಕೆಲಸ ಮುಗಿಯಲಿಲ್ಲ. ಓದುಗರ ಪತ್ರದಲ್ಲಿದ್ದ 'ಗುಳ್ಳೆ' ಎಂಬ ಮಾತು ಇನ್ನೊಬ್ಬ ಅಪರಾಧಿಯನ್ನು ತೋರಿಸುತ್ತದೆ. ಮ್ಯಾನಿಫೋಲ್ಡು ಬೀಡು ಕಬ್ಬಿಣದ್ದು. ಬೀಡಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಮೂವತ್ತು ನಲವತ್ತು ವರ್ಷ ದುಡಿದ ಎಂಜಿನ್ನಿನಲ್ಲಿ ಅವು ಎಣ್ಣೆ ಕುಡಿದು ಕೂತಿರುತ್ತವೆ. ಸೀಮೆಎಣ್ಣೆಯಲ್ಲಿ ತೊಳೆದು, ಮೇಲ್ಮೈಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿದರೂ ಒಳಗಿನ ಎಣ್ಣೆ ಒಳಗೇ. ಬಣ್ಣ ಬಳಿದು ಓವನ್ನಿಗಿಟ್ಟಾಗ ಅದು ಆವಿಯಾಗಿ ಹೊರಗೆ ನುಗ್ಗುತ್ತದೆ, ಇನ್ನೂ ಮೆತ್ತಗಿರುವ ಬಣ್ಣದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಹಾಗಾಗಿ ಬಣ್ಣಕ್ಕೆ ಮೊದಲು ಬರೀ ಬೀಡನ್ನು, ಬಣ್ಣ ಬೇಯಿಸುವ ಬಿಸಿಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಹೆಚ್ಚಿಗೆ ಓವನ್ನಿನಲ್ಲಿ ಕಾಯಿಸಿ, ಬೆವರುವುದು ನಿಲ್ಲುವತನಕ ಬಿಡಬೇಕು. ಗ್ರಿಲ್ಲಿಗೆ ಮಾಡುವ ಫಾಸ್ಫೇಟ್ ಸ್ನಾನವೂ ಇಲ್ಲಿ ಬೇಡ. ಹೆಚ್ಚು ಬಿಸಿಗೆ ಆ ಪದರ ತನ್ನೊಳಗಿನ ನೀರು ಕಳೆದುಕೊಂಡು ಸಡಿಲವಾಗುತ್ತದೆ. 'ಕೈಗೆ ಸಿಗೋ ಹಾಗೆ ದಪ್ಪಗೆ ಹೊಡೀರಿ' ಎಂದು ಅಂಗಡಿಯವನಿಗೆ ಹೇಳಬೇಡಿ. ಇಂಗಾಲ ಉರಿದುಹೋದಾಗ ಬಣ್ಣ ಕುಗ್ಗುತ್ತದೆ, ದಪ್ಪ ಪದರ ಕುಗ್ಗಿದರೆ ಬಿರಿಯುತ್ತದೆ. ಕೂದಲೆಳೆಯ ದಪ್ಪಕ್ಕಿಂತ ತುಸು ಕಡಿಮೆ, 50 ಮೈಕ್ರಾನ್ ಸುಮಾರು, ಸಾಕೇ ಸಾಕು. ಗ್ಯಾಸ್ಕೆಟ್ ಕೂರುವ ಮುಖ, ಬೋಲ್ಟಿನ ಮರೆ ಇವಕ್ಕೆ ಒಂದು ಕಣವೂ ಬೀಳದಂತೆ ಟೇಪು, ಬಿರಡೆ ಹಾಕಿಸಿ.

ಮ್ಯಾಸ್ಸಿಯ ಕೆಂಪೇ ಸಿಗುತ್ತದೆಯೇ ಎಂದೂ ಕೇಳಿದ್ದಾರೆ. ಆ ಹೊಳಪಿನ ಕೆಂಪು ಮ್ಯಾನಿಫೋಲ್ಡಿನ ಬಿಸಿಯಲ್ಲಿ ನಿಲ್ಲದು. ನಿಲ್ಲುವ ಕೆಂಪು ಕಬ್ಬಿಣದ ಆಕ್ಸೈಡಿನದು, ಅದು ಹೆಂಚಿನ ಕೆಂಪು. ಕಪ್ಪು ಅಥವಾ ಅಲ್ಯುಮಿನಿಯಂ ಚೂರಿನ ಬೆಳ್ಳಿಬಣ್ಣವೇ ಭದ್ರ.

ಇಲ್ಲಿ ಗ್ಯಾರೇಜಿನವರ ಮೆಚ್ಚಿನ ತಕರಾರೊಂದು ಅಡ್ಡ ಬರುತ್ತದೆ: 'ಕಪ್ಪು ಹೊಡೆದ್ರೆ ಬಿಸಿ ಎಳಕೊಳ್ಳುತ್ತೆ, ಎಂಜಿನ್ ಕಾಯುತ್ತೆ.' ಬಿಸಿಲಿನಲ್ಲಿ ನಿಂತ ಕಾರಿನ ಮಟ್ಟಿಗೆ ನಿಜ. ಬಿಸಿ ಒಳಗಿನಿಂದ ಹೊರಗೆ ಹೋಗುವ ಜಾಗದಲ್ಲಿ ಲೆಕ್ಕ ಬೇರೆ. ಬಿಸಿ ವಸ್ತು ಸೂಸುವುದು ಅವಕೆಂಪು ಕಿರಣ. ಆ ಕಿರಣದ ಮಟ್ಟಿಗೆ ಕಪ್ಪು, ಬಿಳಿ, ಕೆಂಪು ಬಣ್ಣಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿ, ಪೂರ್ಣ ಸಾಮರ್ಥ್ಯದ ಶೇಕಡ 90ರಷ್ಟು ಸೂಸುತ್ತವೆ. ಉಜ್ಜಿ ಹೊಳಪು ಕೊಟ್ಟ ಲೋಹ ಸೂಸುವುದು ಶೇಕಡ 10ರ ಆಸುಪಾಸು. ಬಿಸಿನೀರು ತುಂಬಿದ ಲೋಹದ ಡಬ್ಬದ ಒಂದೊಂದು ಮುಖಕ್ಕೆ ಒಂದೊಂದು ಲೇಪ ಕೊಟ್ಟು ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಇದನ್ನು 1804ರಲ್ಲೇ ತೋರಿಸಿದರು. ಬಣ್ಣ ಬಳಿದ ಕಬ್ಬಿಣ ಬಿಸಿಯನ್ನು ಹಿಡಿದಿಡುವುದಿಲ್ಲ, ಹೊರಗೆ ದಾಟಿಸುತ್ತದೆ. ರೇಡಿಯೇಟರಿನ ತೆಳು ರೆಕ್ಕೆಗಳನ್ನು ಮಾತ್ರ ಪುಡಿಯಿಂದ ಮೆತ್ತಬೇಡಿ, ಗಾಳಿಯ ದಾರಿ ಮುಚ್ಚುತ್ತದೆ.

ಬೂದುಗುಂಬಳದಿಂದ ಬೀಡಿಗೆ ಕೇಡೇನಿಲ್ಲ, ಒಡೆಯುವವರು ಒಡೆಯಲಿ. ಕೇಡಿರುವುದು ಪೂಜೆಯ ಬೆಳಿಗ್ಗೆ ಗದ್ದೆಯಿಂದ ಬಂದ ಗಾಡಿಯ ಸುಡುವ ಮ್ಯಾನಿಫೋಲ್ಡಿಗೆ ಪೈಪು ಹಿಡಿದು ತಣ್ಣೀರು ಹೊಡೆಯುವುದರಲ್ಲಿ. ಬೀಡು ಫಟ್ಟೆಂದು ಸೀಳಿದರೆ ಅದನ್ನು ಯಾವ ಲೇಪವೂ ಕೂಡಿಸದು.

ಪುಡಿ ಕೊಳ್ಳುವಾಗ ಡಬ್ಬದ ಮೇಲಿನ ಎರಡು ಅಂಕಿಗಳನ್ನು ಗಲಿಬಿಲಿ ಮಾಡಿಕೊಳ್ಳಬೇಡಿ: ಒಂದು ಬೇಯಿಸುವ ಬಿಸಿ, ಇನ್ನೊಂದು ತಾಳುವ ಬಿಸಿ. ಅಂಗಡಿಯವರು '200 ಡಿಗ್ರೀಲಿ ಬೇಯಿಸಿದ್ದು ಸಾರ್, ಏನೂ ಆಗಲ್ಲ' ಎಂದರೆ ನಂಬಬೇಡಿ. ತಾಳುವ ಬಿಸಿ 500ಕ್ಕಿಂತ ಕಡಿಮೆಯಿದ್ದರೆ ಆ ಪುಡಿಯನ್ನು ಬಾನೆಟ್ಟಿಗೆ ಇಟ್ಟುಕೊಳ್ಳಿ, ಮ್ಯಾನಿಫೋಲ್ಡಿಗೆ ಬೇರೆ ತರಿಸಿ.