ಮ್ಯಾನುಯಲ್ ಗೇರಿನ ಕಾರನ್ನು ಆಟೋಮ್ಯಾಟಿಕ್‌ಗೆ ಪರಿವರ್ತಿಸುವುದು

ಮ್ಯಾನುಯಲ್ ಗೇರಿನ ಕಾರನ್ನು ಆಟೋಮ್ಯಾಟಿಕ್‌ಗೆ ಪರಿವರ್ತಿಸುವುದು ಎಂದರೆ, ಚಾಲಕನು ಎಡಗಾಲಿನಿಂದ ಕ್ಲಚ್ ಒತ್ತಿ ಎಡಗೈಯಿಂದ ಗೇರ್ ಬದಲಿಸಬೇಕಾದ ಕಾರಿನಲ್ಲಿ ಆ ಎರಡೂ ಕೆಲಸಗಳನ್ನು, ಅಥವಾ ಕ್ಲಚ್ಚಿನ ಕೆಲಸವನ್ನು ಮಾತ್ರವಾದರೂ, ಯಂತ್ರವೇ ನಿರ್ವಹಿಸುವಂತೆ ವಾಹನವನ್ನು ಮಾರ್ಪಡಿಸುವುದಾಗಿದೆ. ಇದನ್ನು ಮೂರು ರೀತಿಗಳಲ್ಲಿ ಸಾಧಿಸಬಹುದು: ಗೇರ್‌ಬಾಕ್ಸನ್ನೇ ಪೂರ್ಣವಾಗಿ ಬದಲಿಸುವುದು, ಇರುವ ಗೇರ್‌ಬಾಕ್ಸಿಗೆ ಗೇರ್ ಬದಲಿಸುವ ಯಂತ್ರಭಾಗಗಳನ್ನು ಜೋಡಿಸುವುದು, ಮತ್ತು ಕ್ಲಚ್ಚನ್ನು ಮಾತ್ರ ಸ್ವಯಂಚಾಲಿತಗೊಳಿಸುವುದು. ಮೊದಲನೆಯದು ಮನೆಯಂಗಳದಲ್ಲಿ ಮಾಡುವವರಿಗೆ ಅತ್ಯಂತ ಕಠಿಣವಾದುದು. ಕೊನೆಯದು ಸುಲಭವಾದುದು, ಹೆಚ್ಚಿನವರ ನಿಜವಾದ ಅಗತ್ಯಕ್ಕೆ ಸಾಕಾಗುವುದೂ ಅದೇ.

ಹಿನ್ನೆಲೆ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಅದರ ನೆರೆಯ ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ ತಾಲ್ಲೂಕುಗಳಂತಹ ಗ್ರಾಮೀಣ ಪ್ರದೇಶಗಳಲ್ಲಿ ಈ ಪ್ರಶ್ನೆಯು ಸಾಮಾನ್ಯವಾಗಿ ಎರಡು ಕಡೆಯಿಂದ ಹುಟ್ಟುತ್ತದೆ. ನಗರದಲ್ಲಿ ನೌಕರಿ ಮಾಡುವ ಮಗನೋ ಮಗಳೋ ಹೊಸ ಕಾರು ಕೊಂಡು ಹಳೆಯದನ್ನು ಊರಿನಲ್ಲಿ ಬಿಟ್ಟುಹೋಗುತ್ತಾರೆ. ಮನೆಯಲ್ಲಿರುವ ಹಿರಿಯರಿಗೆ ಮಂಡಿನೋವು, ಕ್ಲಚ್ ಒತ್ತಲಾಗದು. ಇನ್ನೊಂದು, ಪೋಲಿಯೊದಿಂದಲೋ ಅಪಘಾತದಿಂದಲೋ ಎಡಗಾಲಿನ ಬಲ ಕುಂದಿದವರ ಸಂದರ್ಭ. ಬಸ್ಸಿನ ಸೌಕರ್ಯ ವಿರಳವಾದ ಹಳ್ಳಿಯಲ್ಲಿ ಸ್ವತಃ ಕಾರು ನಡೆಸಬಲ್ಲವರಿಗೂ ಬೇರೊಬ್ಬರನ್ನು ಕಾಯಬೇಕಾದವರಿಗೂ ಇರುವ ವ್ಯತ್ಯಾಸ ದೊಡ್ಡದು. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಅಥವಾ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಸಾಗುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಮೈಲಿಗಟ್ಟಲೆ ಅರ್ಧ ಕ್ಲಚ್ಚಿನಲ್ಲಿ ತೆವಳಿದವರಿಗೆ ಈ ಬಯಕೆಯ ಕಾರಣವನ್ನು ವಿವರಿಸಬೇಕಾಗಿಲ್ಲ.

ಎರಡು ವ್ಯವಸ್ಥೆಗಳ ವ್ಯತ್ಯಾಸ

ಎಂಜಿನ್ನು ನಿಂತಲ್ಲಿಯೂ ತಿರುಗುತ್ತಿರಬೇಕು, ಚಕ್ರ ನಿಲ್ಲಬೇಕು. ಈ ಎರಡನ್ನೂ ಹೊಂದಿಸುವ ಕೊಂಡಿಯೇ ಕ್ಲಚ್. ಮ್ಯಾನುಯಲ್ ಕಾರಿನಲ್ಲಿ ಎಂಜಿನ್ನಿನ ಹಿಂಬದಿಯಲ್ಲಿರುವ ಭಾರವಾದ ಫ್ಲೈವೀಲಿಗೆ ಕ್ಲಚ್ ಪ್ಲೇಟು ಒತ್ತಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಅದು ಬಿಟ್ಟುಕೊಳ್ಳುತ್ತದೆ.

ಸಾಂಪ್ರದಾಯಿಕ ಆಟೋಮ್ಯಾಟಿಕ್‌ನಲ್ಲಿ ಆ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ನಿಧಾನವಾಗಿ ತಿರುಗತೊಡಗುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಗಾಳಿಯ ಬದಲು ಎಣ್ಣೆಯಿದೆ. ಎರಡು ಫ್ಯಾನುಗಳ ನಡುವೆ ಎಣ್ಣೆಯ ದಿಕ್ಕನ್ನು ತಿರುಗಿಸುವ ಮೂರನೆಯ ರೆಕ್ಕೆಚಕ್ರವೊಂದು ಇರುವುದರಿಂದ, ಕಾರು ಹೊರಡುವಾಗ ತಿರುಗುಬಲವು ಹೆಚ್ಚುತ್ತದೆ ಕೂಡ. ಅದರ ಹಿಂದಿನ ಗೇರುಗಳು ಎಣ್ಣೆಯ ಒತ್ತಡದಿಂದ ತಾವಾಗಿಯೇ ಬದಲಾಗುತ್ತವೆ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯು ತನ್ನ ಓಲ್ಡ್ಸ್‌ಮೊಬೈಲ್ ಕಾರುಗಳ 1940ರ ಮಾದರಿಗಳಲ್ಲಿ ನೀಡಿದ ಹೈಡ್ರಾಮ್ಯಾಟಿಕ್, ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎನಿಸಿದೆ.

ಭಾರತದಲ್ಲಿ ಆಟೋಮ್ಯಾಟಿಕ್ ಜನಸಾಮಾನ್ಯರ ಕೈಗೆಟುಕಿದ್ದು ಬೇರೊಂದು ದಾರಿಯಲ್ಲಿ. 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಕಾರಿನೊಡನೆ ಎಎಂಟಿ ಎಂಬ ವ್ಯವಸ್ಥೆ ಬಂದಿತು. ಇದು ಮೂಲತಃ ಮ್ಯಾನುಯಲ್ ಗೇರ್‌ಬಾಕ್ಸೇ; ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಗಣಕದ ಆಜ್ಞೆಯಂತೆ ಯಂತ್ರಭಾಗಗಳು ಮಾಡುತ್ತವೆ. ‘ಹಾಗಿದ್ದರೆ ನಮ್ಮ ಕಾರಿಗೂ ಅದನ್ನು ಹಾಕಿಸಬಹುದಲ್ಲ’ ಎಂಬ ಆಸೆ ಹುಟ್ಟುವುದು ಇಲ್ಲಿಂದಲೇ.

ಪೂರ್ಣ ಬದಲಾವಣೆ

ಗೇರ್‌ಬಾಕ್ಸನ್ನೇ ಬದಲಿಸಲು ಹೊರಡುವವರು ಮೊದಲು ತಿಳಿಯಬೇಕಾದುದು, ಇದು ಒಂದು ಬಿಡಿಭಾಗದ ಬದಲಾವಣೆಯಲ್ಲ ಎಂಬುದು. ಅದೇ ಮಾದರಿಯ, ಅದೇ ಎಂಜಿನ್ನಿನ, ಸಾಧ್ಯವಾದರೆ ಅದೇ ವರ್ಷದ ಆಟೋಮ್ಯಾಟಿಕ್ ಕಾರೊಂದನ್ನು ಇಡಿಯಾಗಿ ಗುಜರಿಯಿಂದ ಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಒಂದೊಂದಾಗಿ ಹುಡುಕುತ್ತಾ ಹೋದರೆ, ಗೇರ್‌ಬಾಕ್ಸ್ ಸಿಕ್ಕರೂ ಅದರ ಕೇಬಲ್ಲು, ಬ್ರಾಕೆಟ್ಟು, ಸೆನ್ಸರುಗಳು ಸಿಗದೆ ಕೆಲಸ ತಿಂಗಳುಗಟ್ಟಲೆ ನಿಲ್ಲುತ್ತದೆ.

ಬದಲಾಗಬೇಕಾದವುಗಳ ವ್ಯಾಪ್ತಿ ಹೀಗಿದೆ. ಫ್ಲೈವೀಲಿನ ಜಾಗಕ್ಕೆ ತೆಳುವಾದ ಫ್ಲೆಕ್ಸ್ ಪ್ಲೇಟು ಬರುತ್ತದೆ. ಗೇರ್‌ಬಾಕ್ಸಿನ ಉದ್ದ ಮತ್ತು ತೂಕ ಬೇರೆಯಾದುದರಿಂದ ಅದನ್ನು ಹಿಡಿದಿಡುವ ಮೌಂಟುಗಳು ಬದಲಾಗುತ್ತವೆ; ಮುಂದಿನ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟುಗಳ ಉದ್ದವೂ ಅನೇಕ ವೇಳೆ ಬೇರೆಯಾಗಿರುತ್ತದೆ. ಗೇರ್ ಎಣ್ಣೆಯನ್ನು ತಣಿಸಲು ಕೂಲರ್ ಬೇಕು. ಹಲವು ಕಾರುಗಳಲ್ಲಿ ಅದು ರೇಡಿಯೇಟರಿನೊಳಗೇ ಇರುವುದರಿಂದ ರೇಡಿಯೇಟರೂ ಬದಲಾಗಬೇಕು. ಪೆಡಲುಗಳ ಜೋಡಣೆ, ಗೇರ್ ಲಿವರ್, ಅದರ ಕೇಬಲ್ ಇವೆಲ್ಲ ಹೊಸದು. ‘ಪಿ’ ಅಥವಾ ‘ಎನ್’ ಸ್ಥಾನದಲ್ಲಿ ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚನ್ನು ಕೆಲವರು ಕೆಲಸ ಉಳಿಸಲೆಂದು ತಂತಿ ಸೇರಿಸಿ ನಿಷ್ಕ್ರಿಯಗೊಳಿಸುತ್ತಾರೆ. ಇದು ಅಕ್ಷಮ್ಯ. ಕೀಲಿ ತಿರುಗಿಸಿದೊಡನೆ ಕಾರು ಮುಂದಕ್ಕೆ ನುಗ್ಗಿದರೆ ಎದುರಿಗೆ ಇರುವುದು ಮನೆಯ ಜಗಲಿ, ಅಲ್ಲಿ ಆಡುವ ಮಕ್ಕಳು.

ಎಲ್ಲಕ್ಕಿಂತ ದೊಡ್ಡ ತೊಡಕು ಕಬ್ಬಿಣದಲ್ಲಿಲ್ಲ, ತಂತಿಯಲ್ಲಿದೆ. ಇಂದಿನ ಕಾರುಗಳಲ್ಲಿ ಎಂಜಿನ್ ನಿಯಂತ್ರಿಸುವ ಗಣಕವೂ ಗೇರ್‌ಬಾಕ್ಸಿನ ಗಣಕವೂ ಪರಸ್ಪರ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಗೇರ್ ಬದಲಾಗುವ ಕ್ಷಣದಲ್ಲಿ ಎಂಜಿನ್ನಿನ ಬಲವನ್ನು ತುಸು ತಗ್ಗಿಸುವುದು, ನಿಂತಾಗ ವೇಗವನ್ನು ಹೊಂದಿಸುವುದು ಮುಂತಾದವು ಈ ಸಂವಾದದಿಂದಲೇ ನಡೆಯುತ್ತವೆ. ಮ್ಯಾನುಯಲ್ ಕಾರಿನ ಗಣಕಕ್ಕೆ ಈ ಭಾಷೆ ಗೊತ್ತಿರುವುದಿಲ್ಲ. ಅದನ್ನು ಬದಲಿಸಿದರೆ ಕಳ್ಳತನ ತಡೆಯುವ ಇಮೊಬಿಲೈಸರ್ ಹೊಸ ಗಣಕವನ್ನು ಗುರುತಿಸದೆ ಎಂಜಿನ್ನೇ ಹೊರಡದಿರಬಹುದು. ಅಂಗಳದಲ್ಲಿ ಸ್ಪ್ಯಾನರ್ ಹಿಡಿದು ಮಾಡಿದ ಕೆಲಸವೆಲ್ಲ ಮುಗಿದ ಮೇಲೆ ಈ ಹಂತದಲ್ಲಿ ಕಾರು ನಿಂತುಹೋಗುವುದು ಅಪರೂಪವೇನಲ್ಲ. ಗಣಕವಿಲ್ಲದ ಕಾಲದ ಹಳೆಯ ಕಾರುಗಳಲ್ಲಿ ಈ ತೊಂದರೆಯಿಲ್ಲ. ಆದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಕಾರುಗಳಿಗೆ ಹೊಂದುವ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಇಲ್ಲಿ ಹುಡುಕುವುದು ಇನ್ನೂ ಕಷ್ಟ.

ಜೋಡಣೆಯಲ್ಲಿ ಮೊದಲ ಬಾರಿಗೆ ಕೈಹಾಕುವವರು ಎಡವುವ ಸ್ಥಳ ಟಾರ್ಕ್ ಕನ್ವರ್ಟರ್. ಅದನ್ನು ಗೇರ್‌ಬಾಕ್ಸಿನ ಮೂತಿಗೆ ಸೇರಿಸಿ, ತಿರುಗಿಸುತ್ತಾ ಒಳಕ್ಕೆ ಒತ್ತಬೇಕು. ಅದು ಒಂದೇ ಬಾರಿಗೆ ಕೂರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಒಳಗಿಳಿಯುತ್ತದೆ, ಕೊನೆಯ ಮೆಟ್ಟಿಲಿನಲ್ಲಿ ಎಣ್ಣೆಯ ಪಂಪಿಗೆ ಕಚ್ಚಿಕೊಳ್ಳುತ್ತದೆ. ಪೂರ್ತಿ ಕೂರುವ ಮೊದಲೇ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಬೋಲ್ಟುಗಳಿಂದ ಎಳೆದು ಬಿಗಿದರೆ ಪಂಪು ಒಡೆಯುತ್ತದೆ. ಬೋಲ್ಟು ಬಿಗಿಯುವ ಮೊದಲು ಎರಡೂ ಮುಖಗಳು ಕೈಯ ಒತ್ತಡಕ್ಕೇ ಒಂದಕ್ಕೊಂದು ತಾಗಬೇಕು, ಕನ್ವರ್ಟರ್ ಆಗಲೂ ಕೈಯಿಂದ ಸಲೀಸಾಗಿ ತಿರುಗುತ್ತಿರಬೇಕು.

ಎಎಂಟಿ ಭಾಗಗಳ ಜೋಡಣೆ

ಗೇರ್‌ಬಾಕ್ಸ್ ಅದೇ ಆಗಿರುವುದರಿಂದ ಇದು ಸುಲಭವೆಂದು ತೋರುತ್ತದೆ. ಆದರೆ ಮೇಲೆ ಹೇಳಿದ ಗಣಕದ ತೊಡಕು ಇಲ್ಲಿ ಇನ್ನೂ ತೀವ್ರವಾದುದು. ಗೇರ್ ಬದಲಿಸುವ ತೀರ್ಮಾನವೇ ಗಣಕದ್ದಾದ್ದರಿಂದ ಅದಿಲ್ಲದೆ ಏನೂ ನಡೆಯದು. ಕೇಬಲ್ಲಿನಿಂದ ಎಳೆಯುವ ಆಕ್ಸಿಲರೇಟರ್ ಇರುವ ಕಾರಿನಲ್ಲಿ ಇದು ಬಹುಮಟ್ಟಿಗೆ ಅಸಾಧ್ಯ. ಮನೆಯಲ್ಲಿ ಮಾಡುವವರು ಈ ದಾರಿಯನ್ನು ಬಿಟ್ಟುಬಿಡುವುದೇ ಲೇಸು.

ಸ್ವಯಂ ಕ್ಲಚ್

ಮಂಡ್ಯದ ಹೊಲದ ಬದಿಗಳಲ್ಲಿ ನಿತ್ಯ ಕಾಣುವ ಟಿವಿಎಸ್ ಎಕ್ಸ್‌ಎಲ್ ಮೊಪೆಡ್ಡಿಗೆ ಕ್ಲಚ್ ಲಿವರ್ ಇಲ್ಲ. ಎಂಜಿನ್ ವೇಗವಾಗಿ ತಿರುಗಿದಾಗ ಅದರೊಳಗಿನ ತೂಕದ ತುಂಡುಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿದುಕೊಳ್ಳುತ್ತವೆ, ನಿಧಾನವಾದಾಗ ಬಿಡುತ್ತವೆ. ಕ್ಲಚ್ಚಿಗೆ ಕಾಲೇ ಬೇಕೆಂದೇನಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಕಾರುಗಳಿಗೆ ಹೊರಗಿನಿಂದ ಜೋಡಿಸುವ ಸ್ವಯಂ ಕ್ಲಚ್ಚಿನ ತತ್ತ್ವ ತುಸು ಭಿನ್ನ. ಗೇರ್ ಲಿವರಿನ ಗುಂಡಿಯಲ್ಲಿ ಒಂದು ಸ್ವಿಚ್ ಇರುತ್ತದೆ. ಚಾಲಕನು ಅದನ್ನು ಹಿಡಿದೊಡನೆ ಒಂದು ವಿದ್ಯುತ್ ಮೋಟಾರು ಅಥವಾ ನಿರ್ವಾತದಿಂದ ಎಳೆಯುವ ಡಬ್ಬಿಯು ಕ್ಲಚ್ಚನ್ನು ಬಿಡಿಸುತ್ತದೆ. ಗೇರ್ ಹಾಕಿ ಕೈ ತೆಗೆದಾಗ, ಎಂಜಿನ್ನಿನ ವೇಗಕ್ಕೆ ಅನುಗುಣವಾಗಿ ಮೆಲ್ಲನೆ ಬಿಡುತ್ತದೆ. ಕಾರು ನಿಲ್ಲುವಾಗಲೂ ಕ್ಲಚ್ಚನ್ನು ತಾನೇ ಬಿಡಿಸಿ ಎಂಜಿನ್ ಆರದಂತೆ ನೋಡಿಕೊಳ್ಳುತ್ತದೆ. ಗೇರನ್ನು ಮಾತ್ರ ಚಾಲಕನೇ ಬದಲಿಸಬೇಕು. 2020ರಲ್ಲಿ ಹ್ಯುಂಡೈ ಕಂಪನಿಯು ವೆನ್ಯೂ ಕಾರಿನಲ್ಲಿ ನೀಡಿದ ಐಎಂಟಿ ಇದೇ ಕಲ್ಪನೆಯ ಕಾರ್ಖಾನೆಯ ರೂಪ. ನಿರ್ವಾತದ ಬಗೆಯು ಪೆಟ್ರೋಲ್ ಎಂಜಿನ್ನಿಗೆ ಸಹಜವಾಗಿ ಹೊಂದುತ್ತದೆ, ಏಕೆಂದರೆ ಗಾಳಿಯೆಳೆಯುವ ಅದರ ಕೊಳವೆಯಲ್ಲಿಯೇ ನಿರ್ವಾತ ಉಂಟಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಹಾಗಲ್ಲ. ಬ್ರೇಕಿಗೆ ನಿರ್ವಾತ ಒದಗಿಸುವ ಪಂಪಿನಿಂದಲೇ ಪಡೆಯಬೇಕು, ಆಗ ಬ್ರೇಕಿನ ಬಲಕ್ಕೆ ಕುಂದು ಬಾರದಂತೆ ತಡೆಕವಾಟ ಇರಲೇಬೇಕು.

ಕಂಪನಿಯ ಗೇರ್‌ಬಾಕ್ಸು, ಎಂಜಿನ್ನು, ಗಣಕ ಯಾವುದನ್ನೂ ಮುಟ್ಟದಿರುವುದು ಇದರ ದೊಡ್ಡ ಗುಣ. ಕ್ಲಚ್ ಪೆಡಲು ಉಳಿದಿರುವುದರಿಂದ ಮನೆಯ ಬೇರೆಯವರು ಎಂದಿನಂತೆಯೇ ನಡೆಸಬಹುದು, ಮಾರುವಾಗ ಕಳಚಿಡಬಹುದು.

ಕೆಲಸದ ಸುರಕ್ಷತೆ

ಜ್ಯಾಕ್ ಎತ್ತಲು ಮಾತ್ರ, ನಿಲ್ಲಿಸಲು ಅಲ್ಲ. ಎತ್ತಿದ ಕಾರಿನ ಕೆಳಗೆ ಸೈಜುಗಲ್ಲೋ ಹಾಲೋ ಬ್ಲಾಕೋ ಇಟ್ಟು ಒಳಗೆ ಮಲಗುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಹಾಲೋ ಬ್ಲಾಕು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಉಕ್ಕಿನ ಸ್ಟ್ಯಾಂಡುಗಳನ್ನು ಗಟ್ಟಿಯಾದ, ಸಮತಟ್ಟಾದ ನೆಲದ ಮೇಲೆ ಇಟ್ಟೇ ಕೆಳಗಿಳಿಯಬೇಕು. ಗಾರೆ ಹಾಕದ ಮಣ್ಣಿನಂಗಳ ಇದಕ್ಕೆ ಯೋಗ್ಯವಲ್ಲ. ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಳ್ಳಲು ಒಬ್ಬರೇ ಹೊರಡಬಾರದು. ಮೊದಲಿಗೆ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ಹಳೆಯ ಕ್ಲಚ್ಚಿನ ಧೂಳಿನಲ್ಲಿ ಕಲ್ನಾರಿನ ಅಂಶವಿರಬಹುದಾದ್ದರಿಂದ ಗಾಳಿ ಊದಿ ಸ್ವಚ್ಛಗೊಳಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಕಾನೂನು

1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ವಾಹನದ ಖಾಲಿ ತೂಕವೂ ಆ ವಿವರಗಳಲ್ಲಿ ಒಂದು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸಾಮಾನ್ಯವಾಗಿ ಹೆಚ್ಚು ಭಾರವಾದುದು ಎಂಬುದನ್ನು ನೆನಪಿಡಬೇಕು. 2019ರ ತಿದ್ದುಪಡಿಯು ಸೇರಿಸಿದ 182ಎ ಪ್ರಕರಣದ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಇದೇ ತಿದ್ದುಪಡಿಯು ಅಂಗವಿಕಲರ ಮಟ್ಟಿಗೆ ಬಾಗಿಲು ತೆರೆದಿರುವುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ದೈಹಿಕ ನ್ಯೂನತೆಯುಳ್ಳವರ ಬಳಕೆಗಾಗಿಯೇ ಮಾರ್ಪಡಿಸಿದ ವಾಹನವನ್ನು ಕಾನೂನು ಪ್ರತ್ಯೇಕ ವರ್ಗವಾಗಿ ಗುರುತಿಸುತ್ತದೆ. ಮಾಲೀಕರು ತಮ್ಮ ವಾಹನವನ್ನು ಹೀಗೆ ಮಾರ್ಪಡಿಸಿ, ನಿಯಮಗಳ ಷರತ್ತುಗಳಿಗೆ ಒಳಪಟ್ಟು, ನಂತರ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆಯಬಹುದು. ಚಾಲನಾ ಪರವಾನಗಿಯಲ್ಲಿಯೂ ಈ ವರ್ಗ ನಮೂದಾಗಬೇಕು. ಮಂಡ್ಯದ ಅಥವಾ ನಾಗಮಂಗಲದ ಸಾರಿಗೆ ಕಚೇರಿಗೆ ಕೆಲಸಕ್ಕೆ ಮೊದಲೇ ವೈದ್ಯಕೀಯ ಪ್ರಮಾಣಪತ್ರದೊಡನೆ ಹೋಗಿ ವಿಚಾರಿಸಿದರೆ ಆಮೇಲಿನ ಅಲೆದಾಟ ಕಡಿಮೆಯಾಗುತ್ತದೆ. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸದಿದ್ದರೆ ಅಪಘಾತದ ನಂತರ ಪರಿಹಾರಕ್ಕೆ ತಕರಾರು ಬರಬಹುದು.

ಪರೀಕ್ಷೆ ಮತ್ತು ಬಳಕೆ

ಗೇರ್‌ಬಾಕ್ಸ್ ಬದಲಿಸಿದ ಕಾರಿನ ಗೇರ್ ಎಣ್ಣೆಯ ಮಟ್ಟವನ್ನು ಹಲವು ಮಾದರಿಗಳಲ್ಲಿ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ನೋಡಬೇಕು. ತಣ್ಣಗಿರುವಾಗ ನೋಡಿ ತುಂಬಿದರೆ ಲೆಕ್ಕ ತಪ್ಪುತ್ತದೆ. ಸ್ವಯಂ ಕ್ಲಚ್ ಜೋಡಿಸಿದವರು ಮೊದಲು ಬಯಲಿನಲ್ಲಿ, ಅನಂತರ ಏರಿನಲ್ಲಿ ಅಭ್ಯಾಸ ಮಾಡಬೇಕು. ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಹತ್ತುವ ದಾರಿ ಇದಕ್ಕೆ ತಕ್ಕ ಪರೀಕ್ಷೆ. ವೈರಮುಡಿಯ ಜನಸಂದಣಿಯಲ್ಲಿ ಆ ಏರಿನ ಮೇಲೆ ನಿಂತು ಮತ್ತೆ ಹೊರಡುವಾಗ, ಕ್ಲಚ್ ಹಿಡಿದುಕೊಳ್ಳುವ ಮೊದಲೇ ಕಾರು ಹಿಂದಕ್ಕೆ ಜಾರುತ್ತದೆ. ಕೈಬ್ರೇಕ್ ಹಾಕಿ ಹೊರಡುವುದನ್ನು ರೂಢಿಸಿಕೊಂಡಿರಬೇಕು.

ಬ್ಯಾಟರಿ ಸೋತಾಗ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುವ ಉಪಾಯ ಟಾರ್ಕ್ ಕನ್ವರ್ಟರಿನ ಕಾರಿನಲ್ಲಿ ನಡೆಯದು. ಕೆಟ್ಟು ನಿಂತ ಅಂತಹ ಕಾರನ್ನು, ಎಂಜಿನ್ನಿನ ಬಲ ಹೋಗುವ ಚಕ್ರಗಳು ನೆಲದ ಮೇಲಿರುವಂತೆಯೇ ಟ್ರ್ಯಾಕ್ಟರಿಗೆ ಕಟ್ಟಿ ದೂರ ಎಳೆಯಲೂಬಾರದು. ಎಂಜಿನ್ ತಿರುಗದಿದ್ದರೆ ಎಣ್ಣೆಯ ಪಂಪೂ ತಿರುಗದೆ, ಒಣಗಿದ ಗೇರುಗಳು ಸವೆದುಹೋಗುತ್ತವೆ. ಆ ಚಕ್ರಗಳನ್ನು ಎತ್ತಿ ಸಾಗಿಸುವ ವಾಹನವನ್ನೇ ಕರೆಸಬೇಕು.