ಮಾಳಿಗೆಯ ಮೇಲೆ ಮೀನಿನ ತೊಟ್ಟಿ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಅನೇಕ ಹಳೆಯ ಮನೆಗಳಲ್ಲಿ ಮಾಳಿಗೆಯ ಮಣ್ಣನ್ನೂ ಅದರ ಮೇಲಿನ ಭಾರವನ್ನೂ ಕಟ್ಟಿಗೆಯ ಜಂತಿಗಳೇ ಹೊತ್ತಿರುತ್ತವೆ. ಅಂಥ ಮಾಳಿಗೆಯ ಮೇಲಣ ಕೋಣೆಯಲ್ಲಿ ಬಣ್ಣದ ಮೀನುಗಳ ದೊಡ್ಡ ಗಾಜಿನ ತೊಟ್ಟಿಯನ್ನಿಡಬಯಸುವ ಗೃಹಸ್ಥರು ಮೊದಲು ನೀರಿನ ತೂಕವನ್ನು ಲೆಕ್ಕಿಸತಕ್ಕದ್ದು. ಕೆಳಗೆ ಮಕ್ಕಳು ಮಲಗುತ್ತಿದ್ದರಂತೂ ಈ ಲೆಕ್ಕವನ್ನು ಬಿಡಲೇಕೂಡದು.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯು ಸುಮಾರು 340 ಲೀಟರು ನೀರನ್ನು ಹಿಡಿಯುವುದು. ಅದರ ತೂಕ 340 ಕಿಲೋಗ್ರಾಂ. ಗಾಜು, ಮರಳು, ಪೀಠಗಳು ಸೇರಿದರೆ ನಾಲ್ಕು ಕ್ವಿಂಟಲಿಗೂ ಮೀರುವುದು. ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಭಾರವನ್ನು ಹಿಡಿದು ಇಂಜಿನಿಯರರು ಲೆಕ್ಕ ಹಾಕುತ್ತಾರೆ. ಈ ತೊಟ್ಟಿಯೋ ಅರ್ಧ ಚದರ ಮೀಟರಿಗಿಂತ ತುಸು ಹೆಚ್ಚಿನ ಜಾಗದಲ್ಲಿಯೇ ಅದರ ಇಮ್ಮಡಿಗೂ ಮಿಕ್ಕಿ ಹೇರುತ್ತದೆ. ಜೋಳದ ಚೀಲಗಳಾದರೆ ತಿಂಗಳು ಕಳೆದಂತೆ ಕರಗುವವು. ತೊಟ್ಟಿಯ ಭಾರವು ಹಗಲಿರುಳೂ ವರ್ಷಗಟ್ಟಲೆ ನಿಂತು ಜಂತಿಯನ್ನು ಮೆಲ್ಲಮೆಲ್ಲನೆ ಬಗ್ಗಿಸುವುದು.

ಕೆಳಗಿನ ಪಡಸಾಲೆಯೇ ಉತ್ತಮ ಸ್ಥಳ; ಬಂದವರ ಕಣ್ಣಿಗೂ ತೊಟ್ಟಿಯು ಅಲ್ಲಿಯೇ ಬೀಳುವುದು. ಮೇಲೆಯೇ ಇಡಬೇಕೆಂದಲ್ಲಿ ಕೋಣೆಯ ನಡುಭಾಗವನ್ನು ಬಿಟ್ಟು, ಜಂತಿಯ ತುದಿಗಳು ಕೂತಿರುವ ದಪ್ಪ ಗೋಡೆಯ ಮಗ್ಗುಲಲ್ಲಿ, ತೊಟ್ಟಿಯ ಉದ್ದವು ಜಂತಿಗಳಿಗೆ ಅಡ್ಡವಾಗುವಂತೆ ಇಡತಕ್ಕದ್ದು. ಆಗ ಹಲವು ಜಂತಿಗಳು ಭಾರವನ್ನು ಹಂಚಿಕೊಳ್ಳುವವು. ಗೋಡೆಯೊಳಗೆ ಹೊಕ್ಕ ತುದಿಗಳಿಗೆ ಗೆದ್ದಲೂ ತೇವವೂ ಬೇಗ ತಗಲುವುದರಿಂದ, ಬಡಿಗನನ್ನು ಕರೆಸಿ ಉಳಿಯಿಂದ ಚುಚ್ಚಿ ನೋಡಿಸಬೇಕು. ಪೀಠವನ್ನು ರಸಮಟ್ಟವಿಟ್ಟು ಸರಿಮಾಡದಿದ್ದರೆ ಗಾಜು ಸೀಳಬಹುದು. ಸೋರಿದ ನೀರು ಮಣ್ಣಿನ ಗೋಡೆಗಿಳಿದು ಅದನ್ನು ಸಡಿಲಿಸುವುದು.

ಮೊದಲ ದಿನ ಮೂರರಲ್ಲೊಂದು ಪಾಲು ನೀರನ್ನು ಮಾತ್ರ ತುಂಬಿ, ಕೆಳಗೆ ಜಂತಿಯ ತುದಿಯಿಂದ ತುದಿಗೆ ದಾರವನ್ನು ಬಿಗಿದು, ಬಗ್ಗು ಎಷ್ಟೆಂಬುದನ್ನು ಅಳೆದಿಡಬೇಕು. ಮಾರನೆಯ ದಿನ ಬಗ್ಗು ಹೆಚ್ಚಿದ್ದರೆ, ಅಥವಾ ಕೆಳಕೋಣೆಯ ಬಾಗಿಲು ಬಿಗಿಯಾಗಿದ್ದರೆ, ತೊಟ್ಟಿಯನ್ನು ಕೂಡಲೇ ಬರಿದುಮಾಡತಕ್ಕದ್ದು.